ಬಿಡಬೇಡ, ಹತ್ತಿಸು!

ರೇಜರ್ ಗಂಟಲ ಮೇಲಿತ್ತು.

ನನ್ನ ಗಂಟಲಲ್ಲ. ಪೊಲೀಸ್ ಜೀಪಿನ ಡ್ರೈವರನ ಗಂಟಲು!

ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದ. ಅರ್ಧ ಮುಖ ನುಣ್ಣಗೆ, ಅರ್ಧ ಮುಖ ನೊರೆ. ಕುತ್ತಿಗೆಗೆ ಸುತ್ತಿದ ಬಿಳಿ ಬಟ್ಟೆಯ ಕೆಳಗೆ ಯೂನಿಫಾರ್ಮ್. ನಾನು ಬಾಗಿಲು ತಳ್ಳಿದ ಸದ್ದಿಗೆ ಕನ್ನಡಿಯಲ್ಲೇ ನನ್ನನ್ನು ನೋಡಿದ.

"ಅಕ್ಕಾ…" ಎಂದ. ತುಟಿ ಮಾತ್ರ ಅಲುಗಿತು. ಗಂಟಲು ಅಲುಗಿಸುವ ಧೈರ್ಯ ಅವನಿಗಿರಲಿಲ್ಲ.

ರೇಜರ್ ಹಿಡಿದಿದ್ದವನು ಸಲೂನಣ್ಣ. ಬೀದಿಯವರೆಲ್ಲ ಅವನನ್ನು ಹಾಗೇ ಕರೆಯುವುದು. ಮೆತ್ತಗಿನ ಮನುಷ್ಯ. ಗಿರಾಕಿಯ ಕಿವಿಗೆ ಕತ್ತರಿ ತಾಗಿದರೆ ತಾನೇ "ಅಮ್ಮಾ" ಎನ್ನುವವನು. ಈಗ ಅವನ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

"ಅಣ್ಣ, ಕೈ ತೆಗೀರಿ."

"ನೀವು ಹೊರಗಿರಿ ಅಕ್ಕ. ಐದು ನಿಮಿಷದ ಕೆಲಸ."

"ಐದು ನಿಮಿಷದ ಕೆಲಸಕ್ಕೆ ಆಯುಷ್ಯಪೂರ್ತಿ ಒಳಗಿರ್ತೀರಿ!"

"ಇರ್ತೀನಿ. ಹೊರಗೆ ನಂಗ್ಯಾರಿದಾರೆ?"

ಇದಕ್ಕೆಲ್ಲ ಕಾರಣ ನಾನೇ: ಬೆಳಗ್ಗೆ ಅವನಿಗೆ ಒಂದು ಸತ್ಯ ಹೇಳಿದ್ದೆ.

ನನ್ನ ಕೆಲಸ ಏನು ಎಂದು ಕೇಳುತ್ತೀರಾ? ವಕೀಲರಿಗೆ ಸಾಕ್ಷಿ ಹುಡುಕಿಕೊಡುವುದು. ಬಾಯಿ ಬಿಡದವರ ಬಾಯಿ ಬಿಡಿಸುವುದು. ಹಲ್ಲಿನ ಡಾಕ್ಟರು ಮಾಡುವುದೂ ಅದನ್ನೇ. ಅವರಿಗೆ ಬೋರ್ಡ್ ಇದೆ, ನನಗಿಲ್ಲ, ಅಷ್ಟೇ.

ಈ ಕೇಸು ಹಿಡಿದುಕೊಂಡು ಬಂದದ್ದು ಒಬ್ಬ ತಾಯಿ. ಮಗ ಟೈಲ್ಸ್ ಹಾಕುವ ಕೆಲಸದವನು. ಜೈಲಿನಲ್ಲಿದ್ದ. ಬೈಕಿನಲ್ಲಿ ಹೋಗುತ್ತಿದ್ದ ಅವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಪೊಲೀಸ್ ಜೀಪಿನವರು ಕೈ ಅಡ್ಡ ಹಿಡಿದರು. ಹೆದರಿ ಓಡಿಸಿದ. ಜೀಪು ಬೆನ್ನು ಹತ್ತಿತು. ಈ ಸಲೂನಿನ ಬೀದಿಯಲ್ಲಿ, ಫುಟ್‌ಪಾತಿನ ಮೇಲೆ ನಿಂತು ಅಂಗಡಿಯ ಗಾಜು ಒರೆಸುತ್ತಿದ್ದ ಹೆಂಗಸೊಬ್ಬಳು ಸತ್ತಳು.

ಸಲೂನಣ್ಣನ ಹೆಂಡತಿ.

ಬೈಕು ಗುದ್ದಿತು ಎಂದರು ಪೊಲೀಸರು. ಕೇಸು ಹಾಕಿದರು. ಮುಗಿಯಿತು!

ಹೆಲ್ಮೆಟ್ ಯಾಕೆ? ತಲೆ ಉಳಿಯಲಿ ಎಂದು. ಒಂದು ತಲೆ ಉಳಿಸಲು ಹೋಗಿ ಇನ್ನೊಂದು ತಲೆ ಒಡೆದ ಬುದ್ಧಿವಂತರು. ಥೂ!

ನಾನು ಬೈಕ್ ನೋಡಿದೆ. ಸ್ಟೇಷನ್ನಿನ ಅಂಗಳದಲ್ಲಿ ನಿಲ್ಲಿಸಿದ್ದರು. ಮುಂದಿನ ಲೈಟು ಹಾಗೇ ಇತ್ತು. ಮಡ್‌ಗಾರ್ಡಿನಲ್ಲಿ ಒಂದು ಗೀರೂ ಇಲ್ಲ. ಪಕ್ಕದಲ್ಲೇ ಜೀಪು. ಮೈತುಂಬ ಧೂಳು, ಬಂಪರಿಗೆ ಮಾತ್ರ ಹೊಸ ಬಣ್ಣ!

ಆಮೇಲೆ ಸಲೂನಿನ ಎದುರಿನ ಟೈಲರನ ಬಳಿ ಹೋದೆ. ಹೊಲಿಗೆ ಮಷೀನಿನಿಂದ ತಲೆ ಎತ್ತದೆ ಹೇಳಿದ: "ನಾನೇನೂ ನೋಡಿಲ್ಲ ತಾಯಿ."

"ಏನು ನೋಡಿಲ್ಲ?"

"ಜೀಪು ಫುಟ್‌ಪಾತ್ ಹತ್ತಿದ್ದು ನೋಡಿಲ್ಲ."

ನಾನು ಜೀಪಿನ ಮಾತೇ ಎತ್ತಿರಲಿಲ್ಲ!

ಅವನಿಗೂ ಅದು ಹೊಳೆಯಿತು. ಮುಖ ಬಿಳಿಚಿಕೊಂಡಿತು. "ಮಕ್ಕಳೊಂದಿಗ ನಾನು…" ಎಂದು ಕೈ ಮುಗಿದ. ಬೀದಿಯುದ್ದಕ್ಕೂ ಅದೇ ಪಾಡು. ಎಲ್ಲರೂ ನೋಡಿದ್ದರು. ಎಲ್ಲರೂ ಕುರುಡರಾಗಿದ್ದರು.

ಸಲೂನಣ್ಣನೊಬ್ಬನೇ ನಿಜವಾಗಿ ನೋಡಿರಲಿಲ್ಲ. ಆ ಹೊತ್ತಿಗೆ ಬ್ಲೇಡು, ಪೌಡರು ತರಲು ಹೋಗಿದ್ದ. ವಾಪಸು ಬಂದಾಗ ಜನ ಗುಂಪುಗೂಡಿದ್ದರು. ಕುಸಿದವನನ್ನು ಹಿಡಿದು ಕೂರಿಸಿ ನೀರು ಕುಡಿಸಿದವನು ಯಾರು ಗೊತ್ತೇ? ಇದೇ ಡ್ರೈವರ್! "ಬೈಕಿನವನು ಅಣ್ಣ… ಅವನನ್ನ ಬಿಡಲ್ಲ ನಾವು" ಎಂದು ಸಮಾಧಾನ ಮಾಡಿದ್ದನಂತೆ. ಆಮೇಲೂ ಇಲ್ಲಿಗೇ ಬಂದು ಗಡ್ಡ ಮಾಡಿಸಿಕೊಳ್ಳುತ್ತಿದ್ದ. ತಾನು ಕೊಂದ ಹೆಂಗಸಿನ ಗಂಡನ ಮುಂದೆ ಕುತ್ತಿಗೆ ಒಡ್ಡಿ ಕೂರುವುದಕ್ಕೆ ಎಂಥ ಗುಂಡಿಗೆ ಬೇಕು, ನೀವೇ ಹೇಳಿ.

ಬೆಳಗ್ಗೆ ಇದನ್ನೆಲ್ಲ ಹೇಳಿದಾಗ ಸಲೂನಣ್ಣ ರೇಜರ್ ಮಸೆಯುತ್ತಲೇ ಇದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಆ ರೇಜರ್ ನೆನಪಾಯಿತು. ಎದ್ದು ಬಂದೆ. ಬಂದದ್ದು ಒಳ್ಳೆಯದಾಯಿತು.

"ಅಣ್ಣ," ಎಂದೆ. "ಆ ಗಂಟಲು ಕೊಯ್ದರೆ ನಿಜ ಹೇಳೋಕೆ ಯಾರು ಉಳೀತಾರೆ? ನಿಮ್ಮ ಹೆಂಡ್ತೀನ ಬೈಕಿನವನೇ ಕೊಂದ ಅಂತ ಶಾಶ್ವತವಾಗಿ ಬರೆದಿಡ್ತಾರೆ. ಅದು ನಿಮಗೆ ಬೇಕಾ?"

ರೇಜರ್ ಅಲ್ಲೇ ಇತ್ತು. ನೊರೆಯ ಮೇಲೆ ಕೆಂಪು ಎಳೆಯೊಂದು ಇಳಿಯಿತು.

ಡ್ರೈವರ್ ಅಳತೊಡಗಿದ.

"ನಾನು ಬ್ರೇಕ್ ಹಾಕ್ದೆ ಅಣ್ಣ… ದೇವರಾಣೆ ಹಾಕ್ದೆ… ಬೀದಿ ಇಕ್ಕಟ್ಟು, ಜನ ಇದಾರೆ, ಬಿಟ್ಬಿಡೋಣ ಸಾರ್ ಅಂದೆ. ಸಾಹೇಬ್ರು ಡ್ಯಾಶ್ ಬೋರ್ಡ್ ಗುದ್ದಿದ್ರು. ಬಿಡಬೇಡ, ಹತ್ತಿಸು ಅಂದ್ರು! ಫುಟ್‌ಪಾತ್ ಹತ್ತಿಸಿದೆ…"

"ಅವಳು ನೋಡಿದ್ಲಾ?" ಸಲೂನಣ್ಣ ಕೇಳಿದ.

"ಏನಣ್ಣ?"

"ಜೀಪು ಬರೋದು ನೋಡಿದ್ಲಾ?"

"ಇಲ್ಲ ಅಣ್ಣ. ಗಾಜಿನ ಕಡೆ ತಿರುಗಿದ್ರು. ಏನೋ ಗುನುಗ್ತಾ ಇದ್ರು."

ಸಲೂನಣ್ಣ ರೇಜರ್ ತೆಗೆದು ಬೇಸಿನ್ನಿಗೆ ಎಸೆದ. ಗೋಡೆಗೆ ಹಣೆ ಒತ್ತಿ ನಿಂತ.

ನಾನು ಡ್ರೈವರನ ಕಾಲರ್ ಹಿಡಿದೆ. "ಎದ್ದೇಳು. ಕೋರ್ಟಿಗೆ ನಡಿ. ಇದೇ ಮಾತು ಜಡ್ಜ್ ಮುಂದೆ ಹೇಳ್ತೀಯ."

"ಕೆಲಸ ಹೋಗತ್ತೆ ಅಕ್ಕ!"

"ಈಗ ಪ್ರಾಣಾನೇ ಹೋಗ್ತಿತ್ತು. ಕೆಲಸ ಯಾವ ಲೆಕ್ಕ?"

ಅಷ್ಟರಲ್ಲಿ ಕನ್ನಡಿಯ ಕೆಳಗಿದ್ದ ಅವನ ಫೋನು ಬಡಿದುಕೊಂಡಿತು. ಸ್ಕ್ರೀನಿನ ಮೇಲೆ 'ಸಾಹೇಬ್ರು'.

"ಎಲ್ಲಿದಾನೆ ನಿಮ್ಮ ಸಾಹೇಬ?"

"ಬೀದಿ ತುದೀಲಿ… ಜೀಪಲ್ಲೇ ಕೂತಿದಾರೆ…"

ಸತ್ತೆವು!

ಹಿಂಬಾಗಿಲಿನಿಂದ ಹೊರಬಿದ್ದೆವು. ನನ್ನ ಕಾರು ಓಣಿಯಲ್ಲಿತ್ತು. ಹಳೇ ಕಾರು. ಕೆಮ್ಮದೆ ಸ್ಟಾರ್ಟ್ ಆಗುವುದಿಲ್ಲ. ಡ್ರೈವರ್ ಮುಂದೆ ಕೂತ, ಮುಖದಲ್ಲಿ ಅರ್ಧ ನೊರೆ ಹಾಗೇ ಇತ್ತು. ಸಲೂನಣ್ಣ ಹಿಂದೆ. ಓಣಿ ದಾಟಿ ಬೀದಿಗೆ ಬಂದೆವೋ ಇಲ್ಲವೋ, ಜೀಪಿನಿಂದ ಇಳಿದು ಸಲೂನಿನತ್ತ ಬರುತ್ತಿದ್ದ ಇನ್ಸ್‌ಪೆಕ್ಟರ್ ಎದುರಿಗೇ ಸಿಕ್ಕ!

ನನ್ನನ್ನು ನೋಡಿದ. ಪಕ್ಕದಲ್ಲಿದ್ದ ಡ್ರೈವರನನ್ನು ನೋಡಿದ. ಹಿಂದಿನ ಸೀಟು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ದಡ್ಡನಲ್ಲ ಅವನು. ದಡ್ಡನಾಗಿದ್ದರೆ ಕ್ಷಮಿಸಬಹುದಿತ್ತು.

ಓಡಿಹೋಗಿ ಜೀಪು ಹತ್ತಿದ.

ಸೈರನ್!

"ಓಡ್ಸಿ ಅಕ್ಕಾ!" ಡ್ರೈವರ್ ಕಿರುಚಿದ. "ಅವರ ಕೈಗೆ ಸಿಕ್ಕಿದ್ರೆ ನನ್ನ ಕತೆ ಮುಗೀತು!"

ಓಡಿಸಿದೆ. ಬ್ಯಾಂಕಿನ ಮೂಲೆಯಲ್ಲಿ ಎಡಕ್ಕೆ. ಪೆಟ್ರೋಲ್ ಬಂಕಿನೊಳಗೆ ನುಗ್ಗಿ ಆ ಕಡೆಯಿಂದ ಹೊರಕ್ಕೆ. ಡಬ್ಬದ ಕಾರು ಅವತ್ತು ಕುದುರೆಯಾಗಿತ್ತು. ಆದರೆ ಕನ್ನಡಿಯಲ್ಲಿ ಜೀಪು ದೊಡ್ಡದಾಗುತ್ತಲೇ ಹೋಯಿತು.

"ಇಷ್ಟು ಜನ ಇರೋ ಕಡೆ ಬಿಟ್ಬಿಡಬಹುದಲ್ವೇನೋ? ನನ್ನ ಕಾರಿನ ನಂಬರ್ ಅವನು ನೋಡಿಲ್ವಾ? ಸಂಜೆ ಮನೆಗೆ ಬಂದು ಹಿಡೀಬಹುದಲ್ಲ!" ಎಂದೆ.

"ಬಿಡಲ್ಲ ಅಕ್ಕ. ಒಂದು ಸಲ ಬೆನ್ನು ಹತ್ತಿದ್ರೆ ಮುಗೀತು. ಆಮೇಲೆ ಅದು ಡ್ಯೂಟಿ ಅಲ್ಲ, ಹಠ. ಆ ಬೈಕಿನ ನಂಬರೂ ನಾನು ಬರ್ಕೊಂಡಿದ್ದೆ… ಮನೆಗೇ ಹೋಗಿ ಹಿಡೀಬಹುದಿತ್ತು…"

ಕೇಳಿದಿರಾ? ನಂಬರ್ ಅವರ ಕೈಯಲ್ಲೇ ಇತ್ತು! ಬಂದ ಸಿಟ್ಟಿಗೆ ಸ್ಟಿಯರಿಂಗ್ ಕಿತ್ತು ಅವನ ತಲೆಗೆ ಹೊಡೆಯೋಣ ಅನಿಸಿತು. ಆದರೆ ಅದು ಆಗ ನನಗೆ ಬೇಕಾಗಿತ್ತು.

ಹಿಂದೆ ಏನೋ ಧಡ್ ಎಂದಿತು.

"ಅಯ್ಯೋ!" ಸಲೂನಣ್ಣ ಹಿಂದಿನ ಗಾಜಿಗೆ ಮುಖ ಹಚ್ಚಿದ್ದ. "ಸೈಕಲ್ಲಿನವನು! ಜೀಪು ಗುದ್ದಿಬಿಡ್ತು!"

"ಎದ್ನಾ?"

"ಗೋಡೆ ಹತ್ರ ಬಿದ್ದಿದಾನೆ… ಕೈ ಆಡಿಸ್ತಾ ಇದಾನೆ… ಜೀಪು ನಿಲ್ಲಿಸ್ಲೇ ಇಲ್ಲ ಅಕ್ಕ!"

ಎದುರಿಗೆ ಬಟ್ಟೆ ಫ್ಯಾಕ್ಟರಿ. ಶಿಫ್ಟ್ ಬಿಟ್ಟಿತ್ತು. ಗೇಟಿನಿಂದ ಹೆಂಗಸರು ಹೊಳೆಯಂತೆ ಹೊರಗೆ ಬರುತ್ತಿದ್ದರು. ಊಟದ ಬ್ಯಾಗು, ನಗು, ಮಾತು… ರಸ್ತೆ ತುಂಬ ಅವರೇ. ಅವರಾಚೆ ಕೋರ್ಟಿನ ಗೇಟು ಕಾಣುತ್ತಿತ್ತು. ಹಾರ್ನ್ ಒತ್ತಿ ಹಿಡಿದು ನುಗ್ಗಿದರೆ ಅವರು ಚದುರುತ್ತಿದ್ದರು. ನಾನು ದಾಟಿಬಿಡುತ್ತಿದ್ದೆ.

ನನ್ನ ಹಿಂದೆ ಬರುವ ಜೀಪು?

"ನಿಲ್ಸಿ," ಎಂದ ಸಲೂನಣ್ಣ.

"ನಿಲ್ಸಿದ್ರೆ ಇವನು ನಮ್ಮ ಕೈ ತಪ್ಪಿಹೋಗ್ತಾನೆ ಅಣ್ಣ! ಸಾಕ್ಷಿನೇ ಇರಲ್ಲ!"

"ಹೋಗ್ಲಿ! ಅಲ್ಲಿ ಯಾರ್ಯಾರದೋ ಹೆಂಡ್ತಿ ಇದಾರೆ ಅಕ್ಕ… ನಿಲ್ಸಿ!"

ಬ್ರೇಕಿನ ಮೇಲೆ ನಿಂತೇಬಿಟ್ಟೆ.

ಕಾರನ್ನು ರಸ್ತೆಗೆ ಅಡ್ಡಲಾಗಿ ತಿರುಗಿಸಿದೆ. ಜೀಪು ಹೋಗುವುದಿದ್ದರೆ ನಮ್ಮ ಮೇಲೆಯೇ ಹೋಗಲಿ! ಮೂವರೂ ಕೆಳಗೆ ಹಾರಿದೆವು. ಸೈರನ್ ಮೊರೆಯುತ್ತಾ ಬಂತು. ಬಲಗಡೆ ಫುಟ್‌ಪಾತ್ ಖಾಲಿ ಕಂಡಿರಬೇಕು, ಜೀಪಿನ ಮೂತಿ ಆ ಕಡೆ ತಿರುಗಿತು. ಅದೇ ಬುದ್ಧಿ! ಫುಟ್‌ಪಾತಿನ ತುದಿಯಲ್ಲಿ ಐದಾರು ಹೆಂಗಸರು ಕಲ್ಲಾಗಿ ನಿಂತಿದ್ದರು.

ಆಗ ಡ್ರೈವರ್ ಓಡಿದ.

ಪಾರಾಗಲು ಓಡುತ್ತಿದ್ದಾನೆ ಎಂದುಕೊಂಡೆ. ಅಲ್ಲ. ಫುಟ್‌ಪಾತಿನ ಮೇಲೆ ಹೋಗಿ, ಜೀಪಿಗೆ ಎದುರಾಗಿ, ಎರಡೂ ಕೈ ಎತ್ತಿ ನಿಂತ. ಕುತ್ತಿಗೆಯಲ್ಲಿ ಸಲೂನಿನ ಬಟ್ಟೆ ಹಾರುತ್ತಿತ್ತು.

"ಸಾರ್! ಸಾಕು ಸಾರ್!"

ಟಯರು ಕಿರುಚಿದವು. ರಬ್ಬರ್ ಸುಟ್ಟ ವಾಸನೆ… ಬಂಪರು ಅವನ ಮೊಣಕಾಲಿಗೆ ತಾಗಿ ನಿಂತಿತು. ಅವನು ಅಲ್ಲೇ ಕುಕ್ಕರಿಸಿದ.

ಇನ್ಸ್‌ಪೆಕ್ಟರ್ ಇಳಿದ. ಟೋಪಿ ಸರಿಮಾಡಿಕೊಂಡ. ಆಮೇಲೆ ನನ್ನತ್ತ ಬೆರಳು ತೋರಿಸಿದ.

"ನನ್ನ ಡ್ರೈವರನ್ನ ಕಿಡ್ನ್ಯಾಪ್ ಮಾಡ್ತೀಯಾ? ನಿನ್ನನ್ನ ಜನ್ಮಪೂರ್ತಿ ಒಳಗೆ ಹಾಕ್ತೀನಿ! ಏಯ್, ನೀನು… ಜೀಪು ಹತ್ತೋ!"

"ಹತ್ತಲ್ಲ ಸಾರ್."

"ಏನಂದೆ?"

"ನೀವು ಹತ್ತಿಸು ಅಂದ್ರಿ, ಹತ್ತಿಸಿದೆ. ಒಂದು ಹೆಂಗಸು ಸತ್ರು." ಡ್ರೈವರ್ ಜನರತ್ತ ತಿರುಗಿದ. ಗಂಟಲು ಹರಿಯುವಂತೆ ಕೂಗಿದ: "ಸಲೂನಿನ ಅಕ್ಕನ್ನ ಗುದ್ದಿದ್ದು ಬೈಕಲ್ಲ! ಈ ಜೀಪು! ಓಡಿಸಿದ್ದು ನಾನು! ಓಡಿಸು ಅಂದಿದ್ದು ಇವರು!"

ಹೆಂಗಸರ ಕೈಯಲ್ಲಿ ಫೋನುಗಳು ಎದ್ದಿದ್ದವು. ಒಂದಲ್ಲ, ಎರಡಲ್ಲ. ಇನ್ಸ್‌ಪೆಕ್ಟರ್ "ವಿಡಿಯೋ ಬಂದ್ ಮಾಡ್ರಿ!" ಎಂದು ಗದರಿದ. ಮೊನ್ನೆ ಆಗಿದ್ದರೆ ಎಲ್ಲ ಫೋನೂ ಬ್ಯಾಗು ಸೇರುತ್ತಿದ್ದವು. ಆದರೆ ಈಗಷ್ಟೇ ಜೀಪಿನ ಮೂತಿಯನ್ನು ಹತ್ತಿರದಿಂದ ನೋಡಿದವರು ಅವರು. ಒಬ್ಬಳೂ ಕೈ ಇಳಿಸಲಿಲ್ಲ.

"ಸೈಕಲ್ಲಿನವನನ್ನ ಅಲ್ಲೇ ಬಿಟ್ಟು ಬಂದ್ಯಲ್ಲಪ್ಪ!" ಎಂದಳು ವಯಸ್ಸಾದವಳೊಬ್ಬಳು. "ಅವನನ್ನ ಯಾರು ಎತ್ಬೇಕು? ನಿಮ್ಮಪ್ಪನಾ?"

ಸಲೂನಣ್ಣ ಇನ್ಸ್‌ಪೆಕ್ಟರನ ಮುಂದೆ ಹೋಗಿ ನಿಂತ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಸುಮ್ಮನೆ ಮುಖ ನೋಡಿದ. ಆಮೇಲೆ ನೆಲಕ್ಕೆ ಉಗುಳಿ, ಸೈಕಲ್ಲಿನವನು ಬಿದ್ದ ಕಡೆಗೆ ಓಡಿದ.

ಡ್ರೈವರನನ್ನು ಆ ಹೆಂಗಸರೇ ಸುತ್ತುವರಿದು ಕೋರ್ಟಿನ ಗೇಟಿನವರೆಗೆ ಕರೆದುಕೊಂಡು ಬಂದರು. ಅವನು ಎಲ್ಲವನ್ನೂ ಹೇಳಿದ.

ಕೊನೆಗೆ ಏನಾಯಿತು ಎನ್ನುತ್ತೀರಾ?

ಟೈಲ್ಸ್ ಕೆಲಸದವನು ಬಿಡುಗಡೆಯಾದ. ಅವನ ತಾಯಿ ಸಲೂನಿಗೆ ಬಂದು, ಹೊರಗಿನ ಗಾಜು ಒರೆಸಿ ಹೋದಳು. ಸೈಕಲ್ಲಿನವನು ಬದುಕಿದ, ಕಾಲು ಮೊದಲಿನಂತಾಗುವುದಿಲ್ಲ ಎಂದಿದ್ದಾರೆ ಡಾಕ್ಟರು. ಟೈಲರನಿಗೆ ಈಗ ಎಲ್ಲ ನೆನಪಾಗಿದೆ. ಕೇಳದಿದ್ದರೂ ಹೇಳುತ್ತಾನೆ. ಡ್ರೈವರನಿಗೆ ಕೆಲಸ ಹೋಯಿತು. ಕೇಸಿದೆ, ಜಾಮೀನಿನ ಮೇಲಿದ್ದಾನೆ. ಮುಖದ ತುಂಬ ಗಡ್ಡ ಬಿಟ್ಟಿದ್ದಾನೆ. ಯಾವ ಸಲೂನಿಗೂ ಹೋಗುವುದಿಲ್ಲವಂತೆ.

ಇನ್ಸ್‌ಪೆಕ್ಟರ್ ಮೇಲೆ ಇಲಾಖಾ ವಿಚಾರಣೆ ನಡೆಯುತ್ತಿದೆ. ನಡೆಯುತ್ತಲೇ ಇದೆ. ಅಲ್ಲಿಯವರೆಗೆ ಖಾಲಿ ಕೂರಬಾರದಲ್ಲ? ತರಬೇತಿ ಶಾಲೆಗೆ ವರ್ಗ ಮಾಡಿದ್ದಾರೆ. ಹೊಸದಾಗಿ ಸೇರಿದವರಿಗೆ ಪಾಠ ಹೇಳುತ್ತಾನೆ. ಏನು ಹೇಳಿಕೊಡುತ್ತಾನೆ ಎಂದು ನಾನು ಕೇಳಲಿಲ್ಲ.

ಆದರೆ ಕಾನೂನು ಸತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ನಡೆದದ್ದರಲ್ಲಿ ಇವತ್ತಿನವರೆಗೆ ಒಬ್ಬರಿಗೆ ಶಿಕ್ಷೆಯಾಗಿದೆ. ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ್ದಾರೆ.

ನಾನೇ. ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ!