ಊರಿನ ಅರಿಶಿನ

ಶಶಿಧರನಿಗೆ ಆ ನಿಯಮದ ಮೇಲೆಯೇ ಸಿಟ್ಟು. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಕಡೆ ಅಂಗಡಿಗಳಿರುವ ಸಗಟು ಕಂಪನಿಯೊಂದು ಅವನ ಅರಿಶಿನಪುಡಿ ಕೊಳ್ಳಲು ಒಪ್ಪಿತ್ತು. ಆದರೆ ಪ್ರತಿ ಲಾಟೂ ಸೀಸದ ಪರೀಕ್ಷೆ ಪಾಸಾಗಬೇಕು. ಒಮ್ಮೆ ಪಾಸಾದರೆ ಮೂರು ದೇಶಗಳ ಬಾಗಿಲೂ ತೆರೆಯುತ್ತವೆ, ನಿಜ. ದೊಡ್ಡವರಿಗೆ ಚಿಲ್ಲರೆಯಾದ ಆ ಖರ್ಚು ಮಾತ್ರ ಅಮೆರಿಕದ ವಿಕ್ಸಮ್ ಊರಿನ ಪುಟ್ಟ ಗೋದಾಮಿನವನ ಕುತ್ತಿಗೆಗೆ ಬರುತ್ತಿತ್ತು. ಸೀಸ ಮಕ್ಕಳ ಮಿದುಳಿಗೆ ವಿಷ ಎಂದು ನಿಯಮದಲ್ಲೇ ಬರೆದಿತ್ತು. ಚಿಟಿಕೆ ಅರಿಶಿನದಲ್ಲಿ ಎಷ್ಟು ಮಹಾ ಇದ್ದೀತು? ಈ ಲಾಟು ಹೋಗದಿದ್ದರೆ ಗೋದಾಮಿಗೆ ಬೀಗ.

ಪಾಸಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು; ಪುಡಿ ಹೊಳೆಯಲೆಂದು ಬೆರೆಸುವ ಹಳದಿ ಬಣ್ಣದಲ್ಲೇ ಸೀಸವಿರುತ್ತದೆ. ಊರ ಕಡೆಯಿಂದ ಪುಡಿ ಕಳಿಸಿದ ವ್ಯಾಪಾರಿ ಗುರುಸಿದ್ದ ಫೋನಿನಲ್ಲಿ ನಕ್ಕಿದ್ದ: "ಅಷ್ಟ್ ಛಂದ ಬಣ್ಣ ಸುಮ್ನ ಬರ್ತದೇನ್ರೀ ಸರ? ನೀವು ತಿನ್ನಬ್ಯಾಡ್ರಿ, ಮಾರ್ರಿ!" ಅಂದಿನಿಂದ ಗೋದಾಮಿನ ಮುಂದೆ ಯಾರ ಕಾರು ನಿಂತರೂ ಅವನು ಕಿಟಕಿಯಿಂದ ಇಣುಕುತ್ತಿದ್ದ.

ಆದರೆ ಲ್ಯಾಬಿಗೆ ಸ್ಯಾಂಪಲ್ ಕಳಿಸುವವನು ಅವನೇ. ಅತ್ತೆ ಸುವರ್ಣಮ್ಮ ಚಾಮರಾಜನಗರದಿಂದ ತಂದಿದ್ದ, ಕೊಂಬು ಒಣಗಿಸಿ ಬೀಸಿಸಿದ ಅರಿಶಿನ ಅಡುಗೆಮನೆಯ ಡಬ್ಬಿಯಲ್ಲಿತ್ತು. ಗೋದಾಮಿನಲ್ಲಿ ಜಾಗ ಸಾಲದೆ ಲಾಟಿನ ಅರ್ಧ ಮನೆಯ ಗರಾಜಿನಲ್ಲೇ ಇತ್ತು; ಅದರದೊಂದು ಪೊಟ್ಟಣಕ್ಕೆ ಡಬ್ಬಿಯದನ್ನು ತುಂಬಿ ಸೀಲ್ ಮಾಡಿದರಾಯಿತು. ಮನೆಯಲ್ಲಿ ಯಾರಿಗೂ ಏನನ್ನೂ ಹೇಳಲಿಲ್ಲ, ಗೊತ್ತಿಲ್ಲದವರು ಬಾಯಿಬಿಡಲಾರರು. ಹೆಂಡತಿ ನಿರುಪಮಾ, ಮೂರು ವರ್ಷದ ಮಗಳು ತನಿಷಾ, ಅತ್ತೆ ಎಲ್ಲರೂ ದೇವಸ್ಥಾನಕ್ಕೆ ಹೋದ ಬೆಳಿಗ್ಗೆ ಕೈಗವಸು ತೊಟ್ಟು ಡಬ್ಬಿ ತೆರೆದ. ಬಣ್ಣ ನೋಡಿದ ಮೇಲೆ ಸಮಾಧಾನವಾಯಿತು: ಲಾಟಿನದಕ್ಕೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಅಜ್ಜಿಕತೆಯ ರಾಜಕುಮಾರ ವೇಷ ಮರೆಸಿಕೊಂಡು ಕೋಟೆ ಬಾಗಿಲು ದಾಟುವ ಹಾಗೆ ಇದೂ ದಾಟುತ್ತದೆ.

ಮುಂದಿನ ವಾರ ಲ್ಯಾಬಿನಿಂದ ಈಮೇಲ್ ಬಂತು. ಫೇಲ್. ಸೀಸ ಮಿತಿಗಿಂತ ಹಲವು ಪಟ್ಟು. ತಪ್ಪು ಲ್ಯಾಬಿನದೇ, ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮನೆಗೆ ಡ್ರೈವ್ ಮಾಡಿದ. ಶೂ ಬಿಚ್ಚದೆ ಒಳಗೆ ನುಗ್ಗಿ ಡಬ್ಬಿ ತೆರೆದು ಮೂಸಿದ.

"ಅದೇನ್ ಅಳಿಯಂದ್ರೇ, ಸಾರಿನ ರುಚಿ ಕೆಟ್ಟಿತ್ತಾ?" ಒಲೆಯ ಮುಂದಿದ್ದ ಸುವರ್ಣಮ್ಮ ನಕ್ಕರು. "ಊರಿಂದು ದೀಪಾವಳಿಗೇ ಮುಗೀತು. ಗರಾಜ್ ತುಂಬ ನಮ್ದೇ ಮಾಲಿಟ್ಕೊಂಡು ಅಂಗಡೀಲಿ ಕೊಳ್ಳೋದಾ ಅಂತ ನಿಮ್ ಪೊಟ್ಟಣಾನೇ ಒಡೆದು ತುಂಬಿದೆ. ಎಂಥಾ ಬಣ್ಣ ರೀ! ತನಿಷಾಗೂ ದಿನಾ ಹಾಲಿಗೆ ಅದನ್ನೇ ಹಾಕ್ಕೊಡ್ತಿದೀನಿ. ಒಂದ್ ತೊಟ್ಟೂ ಬಿಡಲ್ಲ ಮಗು."