ನಾಲ್ಕಕ್ಕೆ ಕಾಯಬೇಕು, ಐದಕ್ಕೆ ಬಿಡಬೇಕು

ಮೊದಲ ದಿನ ಅಮರಗುಂಡಯ್ಯ ನನ್ನ ಮುಖ ನೋಡಲೇ ಇಲ್ಲ. ಲಿಂಗಸುಗೂರಿನ ಕಂಪ್ಯೂಟರ್ ಅಂಗಡಿಯಿಂದ ರಿಪೇರಿಗೆ ಬಂದವನು ಸೀದಾ ಒಳಗೆ ಹೋಗಿ ಪೆಟ್ಟಿಗೆಯ ಎದುರು ಕೂತ. ನಾನು ಕೊಟ್ಟ ಚಹಾ ಆರಿ ತಣ್ಣಗಾಯಿತು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಕಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಅದು ತೊಂಬತ್ತೊಂಬತ್ತನೆಯ ಇಸವಿ. ಸಿಂಧನೂರು ಬಸ್‌ಸ್ಟ್ಯಾಂಡ್ ಎದುರಿನ ನಮ್ಮಪ್ಪ ಕರಿಬಸಯ್ಯನ ಎಸ್‌ಟಿಡಿ ಅಂಗಡಿಗೆ ಆಗಷ್ಟೇ ಇ-ಮೇಲ್ ಬಂದಿತ್ತು. ಗಿರಾಕಿಗಳಿಗೆಲ್ಲ ಒಂದೇ ಅಡ್ರೆಸ್, ಅದೂ ಅಪ್ಪನ ಹೆಸರಿನದು. ಯಾರಿಗೇ ಮೇಲ್ ಬರಲಿ, ನಾನು ಪ್ರಿಂಟ್ ತೆಗೆದು ಮಡಚಿ, ಮಸ್ಕಿಯದಾದರೆ ಮಸ್ಕಿ ಬಸ್ಸಿನ ಕಂಡಕ್ಟರ್ ಕೈಗೆ, ತುರ್ವಿಹಾಳದ್ದಾದರೆ ಆ ಬಸ್ಸಿಗೆ ಕೊಡುತ್ತಿದ್ದೆ. ಆ ವಾರ ಮಾತ್ರ ನಾವು ಕಳಿಸಿದ ಮೇಲ್‌ಗಳೆಲ್ಲ ತಿರುಗಿ ಬರುತ್ತಿದ್ದವು. ರೈಸ್‌ಮಿಲ್ಲಿನ ಗುಮಾಸ್ತ ಗಾಳೆಪ್ಪ ದಿನಾ ಬಂದು ಜಗಳ ತೆಗೆಯುತ್ತಿದ್ದ.

"ಯಾವ ನಂಬರ್ ಬರಾಕತ್ತೈತ್ರಿ?" ಎಂದು ಕೇಳಿದ ಅಮರಗುಂಡಯ್ಯ.

"ಎಂಥಾ ನಂಬರ್?"

"ವಾಪಸ್ ಬಂದ ಮೇಲ್‌ನಾಗ ಒಂದು ನಂಬರ್ ಇರ್ತೈತಿ. ಓದಿಲ್ಲೇನ್ರಿ?"

"ಇಂಗ್ಲಿಷ್‌ನಾಗ ಬೈದಾರ ಅಂತ ಓದಲಿಲ್ಲ."

ಆಗ ತಿರುಗಿದ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ. ಆದರೆ ಕಣ್ಣು ನಗುತ್ತಿದ್ದವು. ನನ್ನ ಸಿಟ್ಟು ಅರ್ಧ ಇಳಿಯಿತು, ಅದಕ್ಕೂ ಸಿಟ್ಟು ಬಂತು.

"ಐನೂರೈವತ್ತು ಬಂದೈತ್ರಿ. ಐದರಿಂದ ಶುರುವಾದ್ರ ಖಡಾಖಂಡಿತ ಇಲ್ಲ ಅಂತ. ತಪ್ಪಿದ್ರ ತಿದ್ದಬೇಕು, ಇಲ್ಲಂದ್ರ ಬಿಡಬೇಕು. ನಾಲ್ಕರಿಂದ ಶುರುವಾದ್ರ ಈಗ ಬ್ಯಾಡ, ಆಮ್ಯಾಲೆ ಬಾ ಅಂತ. ಅದಕ್ಕ ಕಾಯಬೇಕು. ಕಳಿಸೋ ಸರ್ವರ್ ತಾನಾ ಮತ್ತ ಮತ್ತ ಪ್ರಯತ್ನ ಮಾಡ್ತೈತಿ."

"ನಮ್ಮದೇನು ತಪ್ಪು?"

"ಇಂಟರ್ನೆಟ್ಟಿಗಂತ ನೀವು ಫೋನ್ ಹಚ್ಚೋದು ರಾಯಚೂರಿಗೆ. ಮೇಲ್ ಒಯ್ಯಾಕ ಹೇಳಿದ್ದು ಹೈದರಾಬಾದಿನ ಸರ್ವರ್‌ಗೆ. ಬ್ಯಾರೆ ಊರಿನ ಟಪಾಲಿನವನ ಕೈಯಾಗ ಕಾಗದ ಕೊಟ್ರ ಅವ ಯಾಕ ಒಯ್ತಾನ್ರಿ?"

ಸರ್ವರಿನ ಹೆಸರು ಬದಲಿಸಿದ. ಗಾಳೆಪ್ಪನ ಮೇಲ್ ಹೋಯಿತು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು "ಭಾಳ ಚಲೋ ಐತ್ರಿ" ಎಂದ. ಸುಳ್ಳ.

ಆಮೇಲೆ ಏನೂ ಕೆಡದಿದ್ದರೂ ಬರತೊಡಗಿದ. ಊರು ಗುರುಗುಂಟಾ, ಕೆಲಸ ಲಿಂಗಸುಗೂರು, ಆದರೆ ಅವನ ಬಸ್ಸು ಯಾವಾಗಲೂ ಸಿಂಧನೂರಿಗೇ ಬರುತ್ತಿತ್ತು. ಕಂಪ್ಯೂಟರ್ ಹಚ್ಚುವ ಮುಂಚೆ ಕಪ್ಪು ತೆರೆಯಲ್ಲಿ ಹಿಂದೆ ನಿಂತ ನನ್ನ ಮುಖ ಕಾಣುತ್ತದೆ. ಅವನು ಸ್ವಿಚ್ ಒತ್ತಲು ಬೇಕೆಂದೇ ತಡ ಮಾಡುತ್ತಿದ್ದ. ನಾನೂ ಅಲ್ಲಿಂದ ಸರಿಯುತ್ತಿರಲಿಲ್ಲ.

ಅಷ್ಟರಲ್ಲಿ ಅವನಿಗೆ ಅಂಗಡಿಯ ಹುಬ್ಬಳ್ಳಿ ಶಾಖೆಗೆ ವರ್ಗವಾಯಿತು.

"ಮೇಲ್ ಹಾಕ್ತೀನ್ರಿ" ಎಂದ ಬಾಗಿಲಲ್ಲಿ ನಿಂತು. ಬೇರೇನೋ ಹೇಳುವವನಂತೆ ಬಾಯಿ ತೆರೆದ, ಅಪ್ಪನನ್ನು ನೋಡಿ ಮುಚ್ಚಿದ.

ಮೇಲ್ ಬರಲಿಲ್ಲ. ದಿನಾ ಕಂಪ್ಯೂಟರಿನ ಮೇಲ್ ಡಬ್ಬಿ ತೆರೆದು ನೋಡಿದೆ. ಎರಡು ಸಲ ಅವನ ಫೋನ್ ಬಂತು, ಎರಡೂ ಸಲ ಅಪ್ಪನೇ ಎತ್ತಿದ. "ಕಂಪ್ಯೂಟರ್ ಆರಾಮ ಐತೇನ್ರಿ?" ಎಂದು ಕೇಳಿ ಇಟ್ಟನಂತೆ. ಕಂಪ್ಯೂಟರಿನ ಯೋಗಕ್ಷೇಮ ಕೇಳುತ್ತಾನೆ, ಪುಣ್ಯಾತ್ಮ! ನಾನು ಉಂಡೆನೋ ಬಿಟ್ಟೆನೋ ಬೇಡ.

ಅದೇ ಹೊತ್ತಿಗೆ ಪಾಮನಕಲ್ಲೂರಿನವರು ನನ್ನನ್ನು ನೋಡಲು ಬಂದರು. ನಮ್ಮಪ್ಪನಿಗೆ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ. "ನೋಡೋಣ ತಗೊಳ್ರಿ" ಎಂದ. ಅವರು ಅದನ್ನೇ ಒಪ್ಪಿಗೆ ಎಂದುಕೊಂಡು, ಸೋಮವಾರ ಹೂ ಮುಡಿಸಲು ಬರುತ್ತೇವೆಂದು ಹೇಳಿಹೋದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಯಾರನ್ನು ನಂಬಿ ಉಹೂಂ ಅನ್ನಲಿ?

ಶನಿವಾರ ಗಾಳೆಪ್ಪ ಕೂಗಾಡುತ್ತ ಬಂದ. "ಚೆನ್ನೈನವರು ನಿಮಗ ಹಾಕಿದ ಮೇಲ್ ಹೋಗವಲ್ದಂತವಾ! ನಾನೂರೈವತ್ತೆರಡು ಅಂತ ಬರಾಕತ್ತೈತಂತ!"

ನಾಲ್ಕು. ಹುಬ್ಬಳ್ಳಿಯ ಮೇಲ್ ಕೂಡ ಹೀಗೇ ಹೊರಗೆ ನಿಂತಿರಬಹುದು! ಒಳಗೆ ಓಡಿ ನೋಡಿದರೆ ನಮ್ಮ ಡಬ್ಬಿಯೇ ತುಂಬಿ ಕೂತಿದೆ. ತುರ್ವಿಹಾಳದ ದಾವಲ್‌ಬೀಗೆ ಅವಳ ಮಗ ಸೌದಿಯ ಜಿದ್ದಾದಿಂದ ತನ್ನ ಕೂಸಿನ ಫೋಟೋ ಕಳಿಸಿದ್ದ. ಡಬ್ಬಿಯ ಜಾಗವನ್ನೆಲ್ಲ ಆ ಒಂದು ಫೋಟೋವೇ ನುಂಗಿತ್ತು. ಯಾರಿಗೂ ಮೇಲ್ ಬರದಿರುವುದು ನಾಟಿಯ ಗಡಿಬಿಡಿಯಿಂದ ಎಂದು ನಾನು ತಿಳಿದಿದ್ದೆ, ಹುಚ್ಚಿ!

"ಅಳಿಸ್ತೀನಪ್ಪಾ."

"ಬ್ಯಾಡವಾ. ಆಕಿ ವಸ್ತು ಆಕಿ ಕಣ್ಣಿಗೆ ಬೀಳಲಿ. ನಾಟಿ ಮುಗದ ಮ್ಯಾಲೆ ಬಂದು ನೋಡ್ತೀನಿ ಅಂದಾಳ, ಹೂಂ ಅಂದೀನಿ" ಎಂದ ಅಪ್ಪ.

ಪ್ರಿಂಟ್ ತೆಗೆದುಕೊಂಡು ತುರ್ವಿಹಾಳದ ಬಸ್ಸು ಹತ್ತಿದೆ. ದಾವಲ್‌ಬೀ ಮೊಣಕಾಲುದ್ದ ಕೆಸರಲ್ಲಿ ಭತ್ತದ ಸಸಿ ನೆಡುತ್ತಿದ್ದಳು. ಕಾಲುವೆಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿ, ಫೋಟೋ ಹಿಡಿದು ಎಷ್ಟೋ ಹೊತ್ತು ನೋಡಿದಳು. ಡಬ್ಬಿ ತುಂಬಿದ್ದನ್ನು ಹೇಳಿದೆ.

"ಅಲ್ಲಿರೋದನ್ನ ಅಳಿಸಿದ್ರ ನನ್ನ ಕೂಸಿಗೇನೂ ಆಗಂಗಿಲ್ಲಲ್ಲವ್ವಾ?"

"ಕೂಸು ನಿನ್ನ ಕೈಯಾಗ ಐತಲ್ಲ ಯಕ್ಕಾ."

"ಹಂಗಾದ್ರ ಅಳಿಸು. ನೀ ಯಾಕ ಅಳಾಕತ್ತೀಯ?"

ಅಳುತ್ತಿದ್ದೇನೆಂದು ನನಗೆ ಗೊತ್ತಾಗಿದ್ದೇ ಆಗ.

ಡಬ್ಬಿ ಖಾಲಿಯಾಗುತ್ತಲೇ ಚೆನ್ನೈನ ಮೇಲ್ ಬಂತು, ಬಳ್ಳಾರಿಯದು ಬಂತು. ಹುಬ್ಬಳ್ಳಿಯದು ಬರಲಿಲ್ಲ. ಸಂಜೆಯವರೆಗೆ ಕಾದೆ. ಅವನು ಬರೆದೇ ಇಲ್ಲ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಅಂಗಡಿ ಕಸ ಗುಡಿಸುತ್ತಿದ್ದೆ. ಬಾಗಿಲಲ್ಲಿ ಅಮರಗುಂಡಯ್ಯ ನಿಂತಿದ್ದ, ತಲೆತುಂಬ ಬಸ್ಸಿನ ಧೂಳು.

"ಕಂಪ್ಯೂಟರ್ ಆರಾಮ ಐತ್ರಿ" ಎಂದೆ, ಪೊರಕೆ ಬಿಡದೆ.

"ಮೇಲ್ ಹಾಕಿದ್ದೆ. ನಾಲ್ಕು ಬಂತು. ಕಾದೆ. ಮತ್ತ ಹಾಕಿದೆ, ಮತ್ತ ನಾಲ್ಕು. ಕಡೀಗೆ ಸರ್ವರ್ ಸೋತು ವಾಪಸ್ ಕೊಟ್ಟು ಬಿಡ್ತು. ಅದಕ್ಕ ನಾನಾ ಬಂದೆ."

ಪೊರಕೆ ಕೈಯಿಂದ ಜಾರಿತು. "ಏನು ಬರದಿದ್ರಿ?"

"ಅದು ನಿಮಗಲ್ರಿ." ಅಪ್ಪನ ಕಡೆ ನೋಡಿದ. "ಅಪ್ಪಾರಿಗೆ. ನಿಮ್ಮ ಮಗಳನ್ನ ನನಗ ಕೊಡ್ರಿ ಅಂತ."

ಅಪ್ಪ ಫೋನ್ ಒರೆಸುತ್ತಿದ್ದವನು ಬಟ್ಟೆ ಹಿಡಿದುಕೊಂಡೇ ನಿಂತ. ನನಗೆ ಕುಣಿಯಬೇಕೋ ಹೊಡೆಯಬೇಕೋ ತಿಳಿಯಲಿಲ್ಲ.

"ನನ್ನ ಕೇಳೀರೇನು?"

"ಇಲ್ರಿ. ನೀವು ಐದು ಅಂದ್ರ ಏನು ಮಾಡ್ಲಿ ಅಂತ ಅಂಜಿದ್ದೆ."

"ಈಗ ಕೇಳು."

ಅವನ ಕಿವಿ ಕೆಂಪಾದವು. "ಕಸ್ತೂರೀ, ನನ್ನ ಕೂಡ ಬಾಳೇವು ಮಾಡ್ತಿಯೇನು?"

"ಮಾಡ್ತೀನಿ. ಇಷ್ಟು ದಿನ ಅದನ್ನ ಕೇಳ್ತೀ ಅಂತಾನ ಕಾಯಾಕತ್ತಿದ್ದೆ."

ಅಪ್ಪನ ಮುಖ ಅರಳಿತು, ಮರುಕ್ಷಣವೇ ಬಾಡಿತು. "ನಾಳೆ ಪಾಮನಕಲ್ಲೂರಿನವರು ಬರ್ತಾರಲ್ಲವ್ವಾ! ಈ ತಿಂಗಳು ಬ್ಯಾಡ್ರಿ, ಮುಂದ ನೋಡೋಣ ಅಂತ ಹೇಳ್ಲೇನು?"

"ಅಪ್ಪಾ, ಅದು ನಾಲ್ಕು ಅಂದಂಗ. ಅವರು ಪಾಪ ಕಾಯ್ತಾರ, ಮತ್ತ ಬರ್ತಾರ, ಬ್ಯಾರೆ ಹೆಣ್ಣು ನೋಡಂಗಿಲ್ಲ. ಐದು ಅನಬೇಕು."

"ನನ್ನ ಬಾಯಿಲೆ ಬರಂಗಿಲ್ಲವಾ."

ನಾನೇ ಫೋನ್ ಎತ್ತಿ ಪಾಮನಕಲ್ಲೂರಿಗೆ ಹಚ್ಚಿದೆ. ಹುಡುಗನ ತಾಯಿ ಕಲ್ಯಾಣಮ್ಮ ಎತ್ತಿದರು.

"ಅಮ್ಮಾರೆ, ಸಿಂಧನೂರಿನ ಕಸ್ತೂರಿ ಮಾತಾಡಾಕತ್ತೀನ್ರಿ. ನಾಳೆ ಹೂ ತರಬ್ಯಾಡ್ರಿ. ನಾ ಒಲ್ಲೆ. ನಿಮ್ಮಾಗ ಏನೂ ಕಡಿಮಿ ಇಲ್ಲ, ನನ್ನ ಮನಸು ಬ್ಯಾರೆ ಕಡೆ ಐತ್ರಿ."

"ನೇರ ಹೇಳ್ದಿ, ಚಲೋ ಆತು ತಂಗಿ" ಎಂದರು ಕಲ್ಯಾಣಮ್ಮ. "ಹೂವಿನವಳಿಗೆ ಇನ್ನಾ ಹೇಳಿದ್ದಿಲ್ಲ."

ಫೋನ್ ಇಟ್ಟು ತಿರುಗಿದೆ. ಅಮರಗುಂಡಯ್ಯ ಕಂಪ್ಯೂಟರಿನ ಎದುರು ಹೋಗಿ ಕೂತಿದ್ದ. ತೆರೆ ಕಪ್ಪಾಗಿಯೇ ಇತ್ತು.

"ಸ್ವಿಚ್ ಹಾಕಂಗಿಲ್ಲೇನು?"

"ಈಗ ಬ್ಯಾಡ" ಎಂದವನೇ ಕುರ್ಚಿ ಪೂರಾ ತಿರುಗಿಸಿ ಕೂತು ನನ್ನ ಮುಖ ನೋಡಿದ.