ಅರಾಲಿಯ ಎರಡು ಕೋರೆಹಲ್ಲು

"ಸೈಕಲ್ಲಿಂದ ಬಿದ್ದೆ," ಎಂದ ಅವನು.

ಕಬಹೆಂಡ ಪುಟ್ಟ ಕನ್ನಡಿಯನ್ನು ಅವನ ಬಾಯಿಂದ ಹೊರತೆಗೆದಳು. ಫೋರ್ಟ್ ಪೋರ್ಟಲ್ ಊರಿನಲ್ಲಿ ಅವಳು ಹಲ್ಲಿನ ಡಾಕ್ಟರು. ಸುಳ್ಳು ಹೇಳುವ ನಾಲಿಗೆಗಳನ್ನು ಅಷ್ಟು ಹತ್ತಿರದಿಂದ ನೋಡಿದವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ.

"ಸೈಕಲ್ಲಿಂದ ಬಿದ್ರೆ ಮುಂದಿನ ಬಾಚಿಹಲ್ಲು ಹೋಗ್ಬೇಕು. ನಿನ್ನವು ಸಾಲಾಗಿ ನಿಂತಿವೆ. ಹೋಗಿರೋದು ಕೆಳಗಿನ ಎರಡು ಕೋರೆಹಲ್ಲು ಮಾತ್ರ. ಎಡಕ್ಕೊಂದು, ಬಲಕ್ಕೊಂದು. ಎಂಥ ಜಾಣ ಸೈಕಲ್ಲಪ್ಪ ಅದು!"

ಅವನು ನಕ್ಕ. ಹೆಸರು ರುಬೊಂಗೊಯ, ಗುಡ್ಡದ ಮೇಲಿನ ಹಾಲನ್ನು ಮೋಟರ್‌ಬೈಕಿನಲ್ಲಿ ಪೇಟೆಗೆ ತರುವವನು. ಆದರೆ ಆ ಸೀಮೆಯಲ್ಲಿ ಯಾರನ್ನೂ ಬರೀ ಹೆಸರಿನಿಂದ ಕರೆಯುವುದಿಲ್ಲ, ಎಲ್ಲರಿಗೂ ಒಂದು ಮುದ್ದಿನ ಹೆಸರು ಬೇಕೇ ಬೇಕು.

"ನನ್ನನ್ನ ಅರಾಲಿ ಅನ್ನಿ. ನಿಮ್ಮನ್ನ?"

"ಅಡ್ಯೇರಿ. ಬಾಯಿ ತೆಗಿ." ಅವಳು ನರ್ಸ್ ಅಪೂಲಿಯ ಕಡೆ ತಿರುಗಿದಳು. "ಬರ್ಕೋ. ಮೂವತ್ತಮೂರು ಇಲ್ಲ. ನಲವತ್ತಮೂರು ಇಲ್ಲ."

"ಅಯ್ಯೋ, ದೇವರು ಕೊಟ್ಟಿದ್ದೇ ಮೂವತ್ತೆರಡು! ನಲವತ್ತಮೂರು ಎಲ್ಲಿಂದ ಬಂತು?"

"ಬಾಯೀನ ನಾಲ್ಕು ಭಾಗ ಮಾಡ್ತೀವಿ. ಮೇಲೆ ಬಲಕ್ಕೆ ಒಂದು, ಎಡಕ್ಕೆ ಎರಡು. ಕೆಳಗೆ ಎಡಕ್ಕೆ ಮೂರು, ಬಲಕ್ಕೆ ನಾಲ್ಕು. ಪ್ರತಿ ಭಾಗದಲ್ಲೂ ನಡುವಿಂದ ಎಣಿಸಿದ್ರೆ ಮೂರನೇದು ಕೋರೆಹಲ್ಲು. ಮೂರನೇ ಭಾಗದ ಮೂರನೇ ಹಲ್ಲು, ಮೂವತ್ತಮೂರು."

"ಹಾಗಾದ್ರೆ ನೀವು ನಗೋವಾಗ ಮೇಲೆ ಎಡಗಡೆ, ಸ್ವಲ್ಪ ಓರೆಯಾಗಿ ಇಣುಕತ್ತಲ್ಲ, ಅದು?"

"ಇಪ್ಪತ್ತಮೂರು," ಎಂದುಬಿಟ್ಟಳು. ಆಮೇಲೆ ತಾನು ನಗುತ್ತಿದ್ದೆ ಎನ್ನುವುದು ಅರಿವಿಗೆ ಬಂದು ಕಿವಿ ಬಿಸಿಯಾಯಿತು.

ಅವನು ಹೋದ ಮೇಲೂ ಆ ಸುಳ್ಳು ಅಲ್ಲೇ ಉಳಿಯಿತು. ಆ ಗುಡ್ಡಗಳಲ್ಲಿ ಅರ್ಧ ಜನಕ್ಕೆ ಆ ಹಲ್ಲುಗಳಿಲ್ಲ. ಹಸುಗೂಸಿಗೆ ಜ್ವರ, ಭೇದಿ ಹತ್ತಿತೆಂದರೆ ಮುದುಕಿಯರು ಒಸಡು ನೋಡುತ್ತಾರೆ. ಅಲ್ಲಿ ಬೆಳ್ಳಗೆ ಊದಿದ್ದನ್ನು ಹುಳುಕು ಹಲ್ಲು, ಜೀವ ತಿನ್ನುವ ಹಲ್ಲು ಎಂದು ಸೈಕಲ್ ಚಕ್ರದ ಕಡ್ಡಿಯಿಂದ ಕಿತ್ತು ತೆಗೆಯುತ್ತಾರೆ. ಹೀಗೆ ಕೀಳುವ ಕೈಯೊಂದು ಸಿಕ್ಕರೆ ಪೊಲೀಸರಿಗೆ ಒಪ್ಪಿಸುತ್ತೇನೆಂದು ಕಬಹೆಂಡ ಸಂತೆಯಲ್ಲಿ ನಿಂತು ಸಾರಿದ್ದಳು. ಬೇರೆಯವರೆಲ್ಲ ನಡೆದದ್ದನ್ನು ಹಾಗೇ ಹೇಳುತ್ತಿದ್ದರು, ಇವನೊಬ್ಬ ಕತೆ ಕಟ್ಟಿದ್ದ.

ಅವನು ಮತ್ತೆ ಬಂದ. ಹಲ್ಲು ನೋವಿಲ್ಲದಿದ್ದರೂ ಬಂದ. ಒಮ್ಮೆ ಪ್ಯಾಶನ್ ಹಣ್ಣು ತಂದ, ಇನ್ನೊಮ್ಮೆ ಬರಿಗೈಲಿ ಬಂದು ಬಾಗಿಲಿಗೊರಗಿ ಅವಳನ್ನೇ ನೋಡುತ್ತ ನಿಂತ. ಸಂಜೆಗಳಲ್ಲಿ ಇಬ್ಬರೂ ಎಂಪಂಗಾ ಹೊಳೆಯ ಸೇತುವೆಯವರೆಗೆ ನಡೆದರು. ಬಿಸಿ ಬಿಸಿ ರಾಗಿಮುದ್ದೆಯನ್ನು ಒಂದೇ ಬುಟ್ಟಿಯಿಂದ ಮುರಿದು ತಿಂದರು. ಅವನ ಬೆರಳು ತಾಗಿದಾಗಲೆಲ್ಲ ಅವಳಿಗೆ ಹಸಿವು ಮರೆತುಹೋಗುತ್ತಿತ್ತು.

ಆದರೆ ಅವನು ಅವಳ ಕ್ಲಿನಿಕ್ಕಿಗೆ ಬರುವಾಗ ಬೈಕಿನ ಹಿಂದೆ ಆಗಾಗ ಮಗು ಎತ್ತಿಕೊಂಡ ಹೆಂಗಸೊಬ್ಬಳು ಕೂತಿರುತ್ತಿದ್ದಳು. ಪ್ರತಿಸಲ ಬೇರೆ ಹೆಂಗಸು, ಬೇರೆ ಮಗು. ಪ್ರತಿ ಮಗುವಿನ ಒಸಡಿನಲ್ಲೂ ರಕ್ತ.

"ಎಲ್ಲ ಇವನದ್ದೇನೋ!" ಅಪೂಲಿ ತಲೆಗೆ ಹುಳ ಬಿಟ್ಟಳು. "ಮೂಗು ನೋಡು, ಒಂದಾದ್ರೂ ಇವನ ಹಾಗಿದ್ಯಾ ಅಂತ."

"ಹೋಗೇ," ಎಂದಳು ಕಬಹೆಂಡ. ಹಾಗಂದವಳೇ ಮಗುವಿನ ಮೂಗು ನೋಡಿದಳು. ಕಿವಿಯನ್ನೂ ನೋಡಿದಳು.

ಮೂಗಿಗಿಂತ ಹೆಚ್ಚು ಕಾಡಿದ್ದು ಬೇರೆ. "ಯಾರು ಕಿತ್ತಿದ್ದು?" ಎಂದು ಕೇಳಿದರೆ ತಾಯಂದಿರು ಮೊದಲು ಅರಾಲಿಯ ಮುಖ ನೋಡುತ್ತಿದ್ದರು, ಆಮೇಲೆ ನೆಲ.

"ಇವರೆಲ್ಲ ಯಾರು?" ಅವಳು ಕೇಳಿದಳು.

"ದಾರೀಲಿ ಸಿಕ್ಕವರು."

"ನಿನ್ನ ದಾರೀಲಿ ಬಾಣಂತೀರು ಬಿಟ್ಟು ಬೇರೆ ಯಾರೂ ಸಿಗಲ್ವಾ?"

ಅವನು ನಕ್ಕ, ಕಣ್ಣು ಮಾತ್ರ ನಗಲಿಲ್ಲ. ಮರುದಿನ ಸಂಜೆ ಸೇತುವೆಯ ಮೇಲೆ ಮದುವೆಯ ಮಾತೆತ್ತಿದ.

"ಮೊದಲು ನಿಮ್ಮಮ್ಮನ್ನ ತೋರಿಸು," ಎಂದಳು.

ಅಮ್ಮನಿಗೆ ಹುಷಾರಿಲ್ಲ ಎಂದ. ಇನ್ನೊಂದು ವಾರ ಕೇಳಿದರೆ, ಮನೆಯ ಸೂರು ರಿಪೇರಿ. ಮತ್ತೊಂದು ವಾರ, ಅಮ್ಮ ಯಾರದೋ ಸಾವಿಗೆ ಹೋಗಿದ್ದಾಳೆ. ಅವನನ್ನು ಪ್ರೀತಿಸಿದಷ್ಟೂ ನಂಬಲಾಗುತ್ತಿರಲಿಲ್ಲ. ಅದು ಅವಳನ್ನು ಒಳಗೊಳಗೇ ಅರೆಯುತ್ತಿತ್ತು.

ಒಂದು ಬೆಳಿಗ್ಗೆ ಅವನಿಗೆ ಹೇಳದೆ ಬಾಡಿಗೆ ಬೈಕ್ ಹತ್ತಿ ಗುಡ್ಡಕ್ಕೆ ಹೋದಳು. ಹಾಲಿನ ಅರಾಲಿಯ ಮನೆ ಎಲ್ಲಿ ಎಂದರೆ ದಾರಿಯಲ್ಲಿದ್ದವರೆಲ್ಲ ತೋರಿಸಿದರು.

ಅಂಗಳದಲ್ಲಿ ಮೂವರು ಹೆಂಗಸರು ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚಾಪೆಯ ಮೇಲೆ ಒಬ್ಬ ಮುದುಕಿ ಸೈಕಲ್ಲಿನ ಕಡ್ಡಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಹಾಲಿನ ಕ್ಯಾನು ಹಿಡಿದು ಹೊರಬಂದ ಅರಾಲಿ ಅವಳನ್ನು ಕಂಡು ಕಂಬದಂತೆ ನಿಂತ.

ಕಬಹೆಂಡ ನೇರ ಅವನೆದುರು ಹೋಗಿ ನಿಂತಳು.

"ಓಹೋ, ಇದಾ ವಿಷಯ! ನನ್ನನ್ನ ಪ್ರೀತಿಸಿದ್ದು ಇದಕ್ಕಾ? ಪೊಲೀಸರ ಹತ್ರ ಹೋಗದೆ ಇರ್ಲಿ, ಬಾಯಿ ಮುಚ್ಕೊಂಡಿರ್ಲಿ ಅಂತಾನಾ?"

ಅವನು ಕ್ಯಾನು ಕೆಳಗಿಟ್ಟು ತಾಯಿಯ ಮುಂದೆ ಮಂಡಿಯೂರಿದ.

"ಅಮ್ಮಾ, ನೀನು ಕಿತ್ತಮೇಲೆ ರಕ್ತ ನಿಲ್ಲದ ಮಕ್ಕಳನ್ನ ನಾನು ಇವಳ ಹತ್ರ ಹೊತ್ಕೊಂಡು ಹೋಗ್ತಿದ್ದೆ. ನಿಂಗೆ ಹೇಳಿಲ್ಲ. ನೀನು ಯಾರು ಅಂತ ಇವಳಿಗೂ ಹೇಳಿಲ್ಲ. ಇಬ್ಬರಲ್ಲಿ ಒಬ್ಬರನ್ನ ಕಳ್ಕೋತೀನಿ ಅಂತ ಹೆದರಿಕೆ. ಇನ್ನು ಸುಳ್ಳು ಹೇಳೋಕಾಗಲ್ಲ. ಇವಳು ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ ಅಂದ್ರೆ ನಾನೇ ಬೈಕಲ್ಲಿ ಕೂರಿಸ್ಕೊಂಡು ಹೋಗ್ತೀನಿ."

ಹೆಂಗಸರು ಮಕ್ಕಳನ್ನು ಎದೆಗವಚಿಕೊಂಡರು. ಮುದುಕಿ ಮಗನನ್ನು ನೋಡಲೇ ಇಲ್ಲ. ಅವಳ ಕಣ್ಣು ಬಂದವಳ ಮೇಲೆಯೇ ಇತ್ತು.

"ಬಾ ಇಲ್ಲಿ. ಬಾಯಿ ತೆಗಿ."

ಕಬಹೆಂಡ ಬಗ್ಗಿ ಬಾಯಿ ತೆರೆದಳು. ಒರಟು ಹೆಬ್ಬೆರಳು ಅವಳ ಕೋರೆಹಲ್ಲುಗಳನ್ನು ಒಂದೊಂದಾಗಿ ಒತ್ತಿ ನೋಡಿತು.

"ನಾಲ್ಕೂ ಇವೆ. ಕೂಸಾಗಿದ್ದಾಗ ನಿಂಗೆ ಜ್ವರ ಬರ್ಲಿಲ್ವಾ?"

"ಬಂತಂತೆ. ಭೇದಿನೂ ಆಗಿತ್ತಂತೆ. ಒಸಡೂ ಊದಿತ್ತು. ಅಮ್ಮ ಆಸ್ಪತ್ರೆಗೆ ಹೊತ್ಕೊಂಡು ಹೋದ್ಲು. ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸಿದ್ರು."

"ಅಷ್ಟೇನಾ?"

"ಅಷ್ಟೇ. ಊದಿರೋದು ಹುಳ ಅಲ್ಲಮ್ಮ, ಹಾಲುಹಲ್ಲಿನ ಮೊಳಕೆ. ಬಾಚಿಹಲ್ಲು ಮೊದಲು ಬರತ್ತೆ, ಕೋರೆ ಬರೋಕೆ ಒಂದೂವರೆ ವರ್ಷ ಬೇಕು. ಅದರ ಅಡೀಲೇ ದೊಡ್ಡ ಹಲ್ಲಿನ ಬೀಜನೂ ಇರತ್ತೆ. ಮೊಳಕೆ ಕಿತ್ರೆ ಬೀಜನೂ ಹೋಗತ್ತೆ."

ಮುದುಕಿ ಕಡ್ಡಿಯನ್ನು ತಿರುಗಿಸುತ್ತ ಕೂತಳು.

"ಇವನಿಗಿಂತ ಮುಂಚೆ ಮೂರು ಹುಟ್ಟಿದ್ವು. ಮೂರೂ ಹೀಗೇ ಭೇದಿ ಹತ್ತಿ ಹೋದ್ವು. ಇವನಿಗೆ ನಾನೇ ಕಿತ್ತೆ. ಇವನು ಉಳ್ಕೊಂಡ. ಅದಕ್ಕೇ ಊರವರ ಮಕ್ಕಳಿಗೂ ಮಾಡ್ದೆ." ಅವಳು ತಲೆಯೆತ್ತಿದಳು. "ಹಾಗಾದ್ರೆ ಆ ಮೂರಕ್ಕೂ ಬರೀ ನೀರು ಸಾಕಾಗ್ತಿತ್ತಾ?"

ಕಬಹೆಂಡಳಿಗೆ ಉತ್ತರ ಗೊತ್ತಿತ್ತು.

"ಆಗ ಆ ನೀರು ಈ ಗುಡ್ಡಕ್ಕೆ ಬಂದಿರ್ಲಿಲ್ಲ ಅಮ್ಮಾ," ಎಂದಳು. "ನೀವೇನು ಮಾಡೋಕಾಗ್ತಿತ್ತು? ಈಗ ಬಂದಿದೆ."

ಮುದುಕಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಡ್ಡಿಯನ್ನು ಅವಳ ಅಂಗೈಲಿಟ್ಟು ಹೆಂಗಸರ ಕಡೆ ತಿರುಗಿದಳು. "ಏಳ್ರೇ. ಕೆಳಗೆ ಮಿಷನ್ನಿನ ಔಷಧಾಲಯಕ್ಕೆ ಹೋಗಿ. ಅಲ್ಲಿ ಆ ನೀರು ಕೊಡ್ತಾರೆ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೆಂಗಸರು ಗುಡ್ಡ ಇಳಿದರು. ಅರಾಲಿ ಮೆಲ್ಲಗೆ ಹೇಳಿದ, "ಆ ಔಷಧಾಲಯ ನಾನು ಹುಟ್ಟೋ ಮುಂಚಿಂದ ಇದೆ ಅಡ್ಯೇರಿ. ಆ ನೀರನ್ನೂ ಆಗಿನಿಂದ ಕೊಡ್ತಿದ್ದಾರೆ."

"ಗೊತ್ತು."

"ಅಮ್ಮನಿಗೂ ಗೊತ್ತು. ಬರೀ ನೀರು ಅಂತ ನಂಬಿರ್ಲಿಲ್ಲ, ಅಷ್ಟೆ."

"ಅದೂ ಗೊತ್ತಾಯ್ತು. ಅವರನ್ನ ಅಲ್ಲಿಗೇ ಕಳಿಸಿದ್ರಲ್ಲ."

ಒಂದು ಸುಳ್ಳಿಗಾಗಿ ತಿಂಗಳುಗಟ್ಟಲೆ ಅವನನ್ನು ಹುರಿದು ಮುಕ್ಕಿದವಳು ಅವಳು. ಈಗ ತಾನೂ ಒಂದು ಸುಳ್ಳು ಹೇಳಿದ್ದಳು. ಹೇಳುವಾಗ ಗಂಟಲಲ್ಲಿ ಮುಳ್ಳು ಸಿಕ್ಕಿದಂತಾಗಿತ್ತು. ಇವನು ಇಷ್ಟು ದಿನ ಆ ಮುಳ್ಳನ್ನೇ ನುಂಗುತ್ತಿದ್ದನೇ?

"ಇನ್ನೂ ಅನುಮಾನ ಇದ್ಯಾ?" ಅವನು ಕೇಳಿದ.

"ಇಲ್ಲ. ನನ್ನೆದುರಿಗೆ ಅಮ್ಮನ ಮುಂದೆ ಮಂಡಿಯೂರಿದ್ಯಲ್ಲ, ಆಗಲೇ ಹೋಯ್ತು. ನಿನ್ನ ಮೇಲೆ ಪ್ರೀತಿ ಇದೆ ಅರಾಲಿ. ತುಂಬಾ ಇದೆ. ಮುಂದಿನ ತಿಂಗಳು ನಮ್ಮಪ್ಪನ ಮನೆಗೆ ಹೆಣ್ಣು ಕೇಳೋಕೆ ಬನ್ನಿ. ಎಲ್ಲರಿಗಿಂತ ಮುಂದೆ ನಿಮ್ಮಮ್ಮ ಇರ್ಬೇಕು."

"ಅವಳು ಬರ್ತಾಳಾ?"

ಬಾಗಿಲ ಹಿಂದಿನಿಂದ ಅಳು ಕೇಳಿಸಿತು. ತೀರಿಹೋದ ಮೂರು ಮಕ್ಕಳಿಗಾಗಿ ಮತ್ತೊಮ್ಮೆ, ಮೊದಲಿನಿಂದ ಶುರುಮಾಡಿದ ಅಳು.

"ನಾನೇ ಕರೀತೀನಿ," ಎಂದಳು ಕಬಹೆಂಡ. ಹೊಸ್ತಿಲ ಮೇಲೆ ಕೂತು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟಳು. ಅರಾಲಿ ಬಂದು ಪಕ್ಕದಲ್ಲಿ ಕೂತ. ಅವಳು ಅವನ ಕೈ ಹಿಡಿದುಕೊಂಡಳು. ಒಳಗಿನ ಅಳು ನಿಲ್ಲುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.